ಗೇಟಿನ ಕಾಗದ

ಮಿಲ್ಲಿನ ಕ್ಯಾಲೆಂಡರಿನ ಪಕ್ಕ
ಅಪ್ಪ ಅವನ ಚಿತ್ರ ಅಂಟಿಸಿದ್ದ:
ದಪ್ಪ ಕುತ್ತಿಗೆ, ಕರಿ ಟೋಪಿ.
ದಾವಣಗೆರೆಯಲ್ಲಿ ಕುಸ್ತಿ ಬಿಟ್ಟ ಪೈಲ್ವಾನರೆಲ್ಲ
ಆಗ ಹೀಗೇ ಕಾಣುತ್ತಿದ್ದರು.
ಯಾರಪ್ಪ ಇವನು ಅಂದರೆ
‘ಬಾಗಿಲಿಗೆ ಕಾಗದ ಹೊಡೆದವನು’ ಎನ್ನುತ್ತಿದ್ದ,
ನಾಳೆಯ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತ.

ಅಪ್ಪ, ಸಮಾಧಾನಪ್ಪ, ಹತ್ತಿ ಮಿಲ್ಲಿನ ಟೈಮ್ ಕೀಪರ್;
ಭಾನುವಾರಕ್ಕೆ ಮಾತ್ರ ಉಪದೇಶಿ.
ಹದಿನಾರು ಮನೆಯ ಸಭೆ, ತಗಡಿನ ಮಾಡು,
ಮೊದಲ ಬೆಂಚು ಗುಬ್ಬಿಗಳಿಗೆ.
ಅವನ ಪ್ರಸಂಗ ಎಲ್ಲಿ ಹೊರಟರೂ ಬಂದು ನಿಲ್ಲುವುದು ಅಲ್ಲಿಗೇ:
ದೇವರಿಗೂ ನಿನಗೂ ನಡುವೆ ದಲಾಲಿ ಬೇಡ.
‘ದಲಾಲಿ’ ಅಂದಾಗ
ಮಂಡಿಪೇಟೆಯ ಹಮಾಲರು ಹಿಂದೆ ಕೂತು ನಕ್ಕರೆ
ಅವನಿಗೆ ವಾರವಿಡೀ ಖುಷಿ.

ಕೃಪೆಯ ಮಾತು ಮಾತ್ರ ಯಾರಿಗೂ ಹತ್ತಲಿಲ್ಲ.
ದುಡಿಯದೇ ಸಿಕ್ಕುತ್ತಾ? ಪುಕ್ಕಟೆ?
‘ಹಾಜರಿ ತಪ್ಪಿದ್ರೂ ಪೂರ್ತಿ ಪಗಾರ ಕೊಡೋ ಧಣಿ
ಎಲ್ಲೂ ಇಲ್ಲ ಬಿಡ್ರಿ ಮೇಷ್ಟ್ರೇ.’
ಅಪ್ಪನೂ ಐದು ನಿಮಿಷ ತಡವಾದವರಿಗೆ
ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದನಲ್ಲ.
ಉಣ್ಣುವಾಗಲೂ ಆ ಕೆಂಪು ಬೆರಳಿನಲ್ಲೇ ಇರುತ್ತಿತ್ತು.

ಗೇಟಿಗೆ ನೋಟೀಸು ಬಿದ್ದರೆ
ಎಲ್ಲರ ಮುಖ ಅವನ ಕಡೆ.
ಅವನು ಓದುವುದು, ಅವರು ತಲೆಯಾಡಿಸುವುದು.
ಒಂದು ಸಂಜೆ ಅದು ಅವನಿಗೇ ಚುಚ್ಚಿತು:
ದಲಾಲಿ ಬೇಡ ಅಂದ ಬಾಯೇ
ದಲಾಲಿಗೆ ಕೂತಿತಲ್ಲ.

ಅವತ್ತಿನಿಂದ ನಮ್ಮ ಪಡಸಾಲೆಯಲ್ಲಿ ರಾತ್ರಿ ಶಾಲೆ.
ಚಿಮಣಿ ಹಿಡಿಯುವುದು ನನ್ನ ಕೆಲಸ.
ನೂಲು ಕೊಯ್ದ ಬೆರಳುಗಳು
ತಟ್ಟೆಯಲ್ಲಿ ಹರವಿದ ಮಂಡಕ್ಕಿಯ ಮೇಲೆ ‘ಅ’ ತೀಡಿದವು.
ಪಾಠ ಮುಗಿದರೆ ಅಕ್ಷರಕ್ಕೆ ಎಣ್ಣೆ, ಖಾರ, ಈರುಳ್ಳಿ;
ತಿಂದು ಏಳುವಷ್ಟರಲ್ಲಿ ‘ಳ’ ಮರೆತವರೂ ಉಂಟು.

ರೀಲಿಂಗ್ ಖಾತೆಯ ಹೊನ್ನೂರಮ್ಮ ಮರೆಯಲಿಲ್ಲ.
ಕೊಂಬಿಗೆ ನಗುತ್ತ, ಒತ್ತಕ್ಷರಕ್ಕೆ ಬೈಯುತ್ತ
ಎರಡು ಚಳಿಗಾಲ ಕಲಿತಳು.

ಮಿಲ್ಲು ನಿಂತ ದಿನ
ಅಪ್ಪ ಗಂಟಲು ಸರಿಮಾಡಿ ಓದಿದ:
‘ತಾತ್ಕಾಲಿಕವಾಗಿ ಕೆಲಸ ನಿಲ್ಲಿಸಲಾಗಿದೆ.’
ಬದುಕಿದೆವು ಎಂದು ಜನ ಚಾ ಅಂಗಡಿಯ ಕಡೆ ಹೊರಟರು.
ಹೊನ್ನೂರಮ್ಮ ಹೊರಡಲಿಲ್ಲ.
ಬೆರಳಿಟ್ಟು ಸಾಲು ಸಾಲೇ ಇಳಿದಳು, ಮತ್ತೆ ಹತ್ತಿದಳು.
‘ಮೇಷ್ಟ್ರೇ, ನೀವು ಓದಿದ್ ಪದ
ಇದ್ರಾಗೆ ಎಲ್ಲೈತ್ರೀ?
ಇಲ್ಲಿ ಶಾಶ್ವತ ಅಂತ ಐತಲ್ಲ.’

ಆ ರಾತ್ರಿ ಅಪ್ಪ ಉಣ್ಣಲಿಲ್ಲ.
ಚಿತ್ರದ ಕೆಳಗೆ ಕೂತು
ಅದುವರೆಗೆ ಯಾವ ಭಾನುವಾರವೂ ಹೇಳದ್ದನ್ನು ಹೇಳಿದ:
ಎಲ್ಲರೂ ಓದಲಿ ಅಂದವನು ಇವನು.
ರೈತರು ಓದಿಸಿಕೊಂಡು ಕೇಳಿಸಿಕೊಂಡು ಎದ್ದು ನಿಂತು
ಹಾಗಾದರೆ ನಮ್ಮ ಕಾಡು, ನಮ್ಮ ಹೊಲ? ಎಂದಾಗ
ಕನಿಕರ ಬೇಡ ಎಂದು ದೊರೆಗಳಿಗೆ ಬರೆದ.
ಯೆಹೂದ್ಯರ ಮೇಲೂ ಬರೆದ, ಬೆಂಕಿಯಂಥದ್ದು.
ಅದೇ ಮಸಿ. ಅದೇ ಕೈ.
‘ನಾನು ಬರೀ ಒಂದು ಪದ ಬದಲಿಸಿದೆ’ ಎಂದ.
ಚಿಮಣಿ ಆರಿಸಿದ ಮೇಲೆ, ಕತ್ತಲಲ್ಲಿ,
‘ಬರೀ ಅಲ್ಲ.’

ಮರುದಿನ ಅವಳು ಬಂದಳು, ಎಂದಿನ ಹೊತ್ತಿಗೆ.
ಸುಳ್ಳಿನ ಸುದ್ದಿ ಎತ್ತಲಿಲ್ಲ. ತಟ್ಟೆಗೆ ಮಂಡಕ್ಕಿ ಸುರಿದಳು.
‘ಲೇಬರ್ ಆಫೀಸಿಗೆ ಅರ್ಜಿ ಹಾಕ್ಬೇಕು. ನಾವೇ ಬರಿತೀವಿ.
ತಪ್ಪಿದ್ರೆ ಹೇಳ್ರಿ, ಅಷ್ಟೆ.’
ಕೊನೆಗೆ, ರೂಢಿಯಂತೆ, ಅಪ್ಪ ಹೇಳಿಕೊಟ್ಟ:
‘ತಾವು ಕೃಪೆ ಮಾಡಿ…’
ವಟ್ರಸುಳಿ ಕಷ್ಟಪಟ್ಟು ಬರೆದು, ತುಸು ನೋಡಿ,
ಅವನ ಕಿವಿಯಿಂದ ಕೆಂಪು ಪೆನ್ಸಿಲು ಎಳೆದು ಹೊಡೆದು ಹಾಕಿದಳು.
‘ಇವರತ್ರ ಕೃಪೆ ಬ್ಯಾಡ. ಬಾಕಿ ಕೊಡ್ಲಿ.’
ಅಪ್ಪ ನಕ್ಕ. ನಗು ಅಳುವಿನ ಕಡೆ ಹೊರಳಿದಾಗ
ಅವಳು ಈರುಳ್ಳಿ ಹೆಚ್ಚಲು ಎದ್ದಳು.

ಅರ್ಜಿ ಹನ್ನೊಂದು ವರ್ಷ ಕೋರ್ಟಿನಲ್ಲಿತ್ತು.
ಗೋಡೆಯ ಪೈಲ್ವಾನನಿಗೆ ಗೆದ್ದಲು ಹತ್ತಿತು, ಟೋಪಿಯಿಂದ ಶುರುವಾಗಿ.
ಕಾರ್ಬನ್ ಪ್ರತಿ ನನ್ನ ಬಳಿ ಇದೆ.
ಅಡಿಯಲ್ಲಿ ಸಹಿ, ಹೊನ್ನೂರಮ್ಮ:
ಎರಡೂ ಒತ್ತು ಅದರದರ ಜಾಗದಲ್ಲಿ.