ಬೆಲ್ಲದ ಕೈ

ಸೋಮನಾಥಪುರಕ್ಕೆ ನಮ್ಮನ್ನು ಕರೆದೊಯ್ದದ್ದು
ಒಡವೆ ಬರೆಯುವುದಕ್ಕೆ.
ಕಿರೀಟದ ಕುಸುರಿ, ಕಾಲ್ಕಡಗ, ಸೊಂಟದ ಡಾಬು.
ಸಂಜೆಯೊಳಗೆ ಐದು ಹಾಳೆ.
ಎಲ್ಲರೂ ನೆರಳು ನೋಡಿ ಕೂತರು.
ನಾನು ಐದರಲ್ಲೂ ಬರೆದೆ
ಇಲ್ಲದ ಕೈಗಳನ್ನು.

ಮೊಣಕೈವರೆಗೆ ಬಂದು ನಿಂತ ತೋಳು,
ಹೂ ಹಿಡಿದಿದ್ದಿರಬಹುದಾದ ಗಾಳಿ.
ಬಳಪದ ಕಲ್ಲು ಮುರಿದಲ್ಲಿ
ಒಳಗಿನ ಬಣ್ಣವೇ ಬೇರೆ, ತಿಳಿಯಾಗಿ,
ಇನ್ನೂ ಮೊನ್ನೆಯ ಗಾಯದ ಹಾಗೆ.

‘ಇದೇನಮ್ಮ, ಮುಗಿಸೇ ಇಲ್ಲ’ ಎಂದರು ಮೇಷ್ಟ್ರು.
ಮುಗಿಸಿದ್ದೆ.

ನಮ್ಮ ದೊಡ್ಡವ್ವನ ಬಲಗೈಗೆ ಎರಡೇ ಬೆರಳು,
ಹೆಬ್ಬೆಟ್ಟು, ಅದರ ಪಕ್ಕದ್ದು.
ಮಿಕ್ಕ ಮೂರನ್ನು ಕೆರಗೋಡು ದಾರಿಯ ಆಲೆಮನೆಯ ಗಾಣ
ಕಬ್ಬಿನ ಜೊತೆ ತಿಂದಿತ್ತು, ನಾನು ಹುಟ್ಟುವ ಮೊದಲು.
ಆ ದಿನದ ಹಾಲು ಚೆಲ್ಲಿದರೋ
ಕೊಪ್ಪರಿಗೆಗೆ ಸುರಿದು ಬೆಲ್ಲ ಮಾಡಿ ಮಾರಿದರೋ
ಮನೆಯಲ್ಲಿ ಯಾರೂ ಹೇಳುವುದಿಲ್ಲ.
ನಾನೂ ಕೇಳಿದ್ದು ಒಂದೇ ಸಲ.

ವಾಸಿಯಾದ ಮೇಲೆ ಉಂಡೆ ಕಟ್ಟಲು ಕೂರಿಸಿದರು.
ಬಿಸಿ ಬೆಲ್ಲಕ್ಕೆ ಅಂಗೈಯೊತ್ತಿ, ಗಿರ್ರನೆ ತಿರುವಿ
ಗೋಣಿತಾಟಿನ ಮೇಲೆ ಸಾಲಾಗಿ ಇಡುವಳು.
ಬೇರೆಯವರ ಉಂಡೆಗೆ ನಾಲ್ಕು ಕುಳಿ, ಇವಳದಕ್ಕೆ ಒಂದು.
ಮಂಡ್ಯದ ಮಂಡಿಯಲ್ಲಿ ದಲ್ಲಾಳಿ
ಮೂಟೆ ಬಿಚ್ಚಿದೊಡನೆ ಹೇಳುತ್ತಿದ್ದನಂತೆ:
‘ಇದು ಚೌಡಮ್ಮಂದು.’

ಸೋಮನಾಥಪುರದಲ್ಲಿ ವಿಗ್ರಹದ ಪಾದದ ಕೆಳಗೆ
ಕೆತ್ತಿದವನ ಹೆಸರು, ಸಣ್ಣಕ್ಷರ.
ಓದಬೇಕಾದರೆ ಮಂಡಿಯೂರಬೇಕು.

ಮೈಸೂರಿಗೆ ಬಂದು ಮೊದಲು ಪ್ಲಾಸ್ಟರಿನಲ್ಲಿ ಮಾಡಿದೆ.
ತೀರಾ ಬಿಳಿ. ಆಸ್ಪತ್ರೆಯ ಕೈ.
ನಾಲೆಯ ಮಣ್ಣು ತಂದು ತಟ್ಟಿದೆ,
ಒಣಗುತ್ತ ಒಣಗುತ್ತ ಕಿರಿದಾಗಿ ಮಗುವಿನದಾಯಿತು.
ಕಂಚಿನ ಮಾತು ಬಿಡಿ, ಫೀಸೇ ಬಾಕಿಯಿತ್ತು.
ಒಂದು ಮಧ್ಯಾಹ್ನ ಕಾಲೇಜಿನ ಗೇಟಿನೆದುರು
ಕಬ್ಬಿನ ಹಾಲಿನ ಗಾಡಿಯವನ ಮುಂದೆ ನಿಂತು
‘ಎರಡು ಕೊಡ’ ಎಂದೆ.
ಶುಂಠಿ ಬೇಡ, ನಿಂಬೆ ಬೇಡ, ಐಸ್ ಬೇಡ.
ಅವನು ನಕ್ಕ. ಅವನ ಗಾಣಕ್ಕೆ ಗೆಜ್ಜೆ ಕಟ್ಟಿತ್ತು.
ಅವನ ಬೆರಳು ಉರುಳೆಯ ಹತ್ತಿರ ಹೋದಾಗಲೆಲ್ಲ
ನಾನು ಬೇರೆ ಕಡೆ ನೋಡಿದೆ.

ಸ್ಟುಡಿಯೋ ಹಿಂದೆ ಮೂರು ಇಟ್ಟಿಗೆ, ಒಡೆದ ಈಸೆಲ್ಲಿನ ಸೌದೆ.
ನಾಲ್ಕು ಗಂಟೆ ಕಲಕಿದೆ. ಹೊಗೆಗೆ ವಾಚ್‌ಮನ್ ಬಂದ,
ವಾಸನೆಗೆ ನಿಂತ.
ಅಚ್ಚಿಗೆ ಕಡಲೆಕಾಯಿ ಎಣ್ಣೆ ಸವರಿದ್ದೆ, ಕಚ್ಚಿಕೊಂಡಿತು.
ಆಮೇಲೆ ನೆನಪಾಯಿತು,
ಆಲೆಮನೆಯಲ್ಲಿ ಮರದಚ್ಚನ್ನು ನೀರಲ್ಲಿ ನೆನೆಹಾಕುವುದು.
ಎರಡನೆಯದು ಬಿಟ್ಟುಕೊಟ್ಟಿತು:
ಅಂಗೈ, ಹೆಬ್ಬೆಟ್ಟು, ಪಕ್ಕದ್ದು,
ಗೆರೆ ಗೆರೆಯೂ ದೊಡ್ಡವ್ವ.

ಇಲ್ಲದ ಮೂರಕ್ಕೆ ಅಚ್ಚು ಎಲ್ಲಿಂದ ತರಲಿ?
ನನ್ನವನ್ನೇ ಅದ್ದಿದೆ.
ಬಿಸಿ ಪಾಕ ಬೊಟ್ಟಿಟ್ಟು ಅಂಟಿಸಿದೆ.
ಒಂದು ಕೈಯಲ್ಲಿ ಇಬ್ಬರು. ಉದ್ದ ಹೊಂದಲಿಲ್ಲ,
ಹಾಗೇ ಬಿಟ್ಟೆ.

ಚೀಟಿ ಬರೆದೆ. ಮಾಧ್ಯಮ: ಬೆಲ್ಲ.
ಪರೀಕ್ಷಕರು ಸುತ್ತ ಎರಡು ಬಾರಿ ತಿರುಗಿ
‘ಎಷ್ಟು ದಿನ ಬಾಳಿಕೆ?’ ಎಂದರು.
ಆಗಲೇ ಇರುವೆಗಳು ಸಾಲು ಹಿಡಿದಿದ್ದವು,
ಬೆಸುಗೆ ಎಲ್ಲೆಲ್ಲಿ ಅಲ್ಲಲ್ಲಿಗೇ.
ರಾತ್ರಿ ಮೋಡ ಮುಸುಕಿತು, ಗೋಡೆಯೆಲ್ಲ ಬೆವರಿತು.
ಬೆಳಿಗ್ಗೆ ಬಾಗಿಲು ತೆಗೆದರೆ
ಮೂರೂ ಬೆರಳು ಪೀಠದ ಮೇಲೆ ಉದುರಿವೆ,
ನನ್ನವು.

ಅವತ್ತೇ ದೊಡ್ಡವ್ವ ಬರಬೇಕೆ!
ಹೊಸ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಳು, ಗುಡಿಗೆ ಬಂದಂತೆ.
ಬೆಲ್ಲದ ಕೈಯ ಪಕ್ಕ ತನ್ನದನ್ನು ಇಟ್ಟು
ಸ್ವಲ್ಪ ಹೊತ್ತು ನೋಡಿದಳು, ಎತ್ತರ ಅಳೆಯುವವಳಂತೆ.
ಎಡಗೈಯಲ್ಲಿ ಉದುರಿದ್ದೊಂದನ್ನು ಎತ್ತಿ
ಇರುವೆ ಊದಿ
ಕಟುಂ ಎಂದು ಕಚ್ಚಿದಳು.

ನಾನು ಉಸಿರು ಹಿಡಿದಿದ್ದೆ.

‘ಸುಣ್ಣ ಕಮ್ಮಿ ಆಗದೆ ಕಣವ್ವ.
ಅದಕ್ಕೇ ನಿಂತಿಲ್ಲ.’

ಮಿಕ್ಕೆರಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು
ಮಂಡ್ಯದ ಬಸ್ಸು ಎಷ್ಟೊತ್ತಿಗೆ, ಕೇಳಿದಳು.