ಕನ್ನಡದಲ್ಲಿ ಒಂದು ಪ್ರತಿ

ಹೆಡ್ಡಾಫೀಸಿನ ಕಾಗದ ಬಂದದ್ದು ಬುಧವಾರ,
ಚಿಕ್ಕಮಗಳೂರಿನ ನಮ್ಮ ಕ್ಯೂರಿಂಗ್ ವರ್ಕ್ಸಿನ ಅಂಗಳದಲ್ಲಿ
ಕಾಫಿ ಬೀಜ ಹರವಿದ್ದ ದಿನ.
ಮೂರೇ ಸಾಲು ಇಂಗ್ಲಿಷು, ಒಂದು ಸಹಿ.
ಮ್ಯಾನೇಜರು ಅಂದರು: ಶ್ರೀಕಂಠಯ್ಯ,
ಹೆಂಗಸರಿಗೆ ಅರ್ಥವಾಗೋ ಹಾಗೆ
ಕನ್ನಡದಲ್ಲಿ ಒಂದು ಪ್ರತಿ ಮಾಡಿ
ಗೋಡೆಗೆ ಅಂಟಿಸಿಬಿಡಿ.

ಫೇಸ್ ಔಟ್ ಅಂತಿತ್ತು.
ಬೀಜವನ್ನು ಕೈಯಿಂದ ಆರಿಸುವ ಕೆಲಸ ಫೇಸ್ ಔಟ್.
ಕೆಳಗಿನ ಸಾಲಲ್ಲಿ ವೈಂಡ್ ಡೌನ್,
ಕೊನೆಯದರಲ್ಲಿ ಟೇಪರ್ ಆಫ್.
ಒಂದೇ ಬಾಗಿಲಿಗೆ ಮೂರು ಬಣ್ಣ.

ಮಧ್ಯಾಹ್ನವೆಲ್ಲ ನಿಘಂಟು ಬಿಡಿಸಿ ಕೂತೆ.
ವೈಂಡ್ ಡೌನ್ ಅಂದರೆ ನಮ್ಮಪ್ಪನ ಗೋಡೆ ಗಡಿಯಾರ:
ಕೀಲಿ ಕೊಡುವುದು ಮರೆತ ವಾರ
ಲೋಲಕ ಮೊಳ ಬಿಟ್ಟು ಗೇಣಿಗಿಳಿದು
ಗೇಣಿನಿಂದ ಬೆರಳಿಗಿಳಿದು
ನಿಂತುಬಿಡುತ್ತಿತ್ತು. ಅದಕ್ಕೆ ಯಾರೂ
ನೋಟೀಸು ಕೊಟ್ಟವರಲ್ಲ.
ಟೇಪರ್ ಆಫ್ ಅಂದರೆ ಅಕ್ಕನ ಮಾತ್ರೆ:
ಒಂದು, ಅರ್ಧ, ಕಾಲು, ದಿನ ಬಿಟ್ಟು ದಿನ,
ಮೈಗೆ ಗೊತ್ತಾಗದಂತೆ.
ಫೇಸು ಚಂದ್ರನದು. ಸವೆಯುತ್ತಾನೆ ನಿಜ,
ಆದರೆ ಅವನು ಮತ್ತೆ ಬರುತ್ತಾನಲ್ಲ?

ನಿಲುಗಡೆ ಎನ್ನೋಣವೆಂದರೆ ಅದು ಬಸ್ಸಿನದು.
ಸಮಾಪ್ತಿ ಹರಿಕಥೆಯದು. ರದ್ದು ಕೋರ್ಟಿನದು.
ಅಮ್ಮ ದೀಪ ಆರಿಸು ಅಂದವಳೇ ಅಲ್ಲ,
ದೊಡ್ಡದು ಮಾಡು ಅನ್ನುತ್ತಿದ್ದಳು.
ಹೋಗುವವರು ಬರ್ತೀನಿ ಅನ್ನಬೇಕಿತ್ತು.
ಮುಗಿಯುವುದಕ್ಕೆ ನಮ್ಮಲ್ಲೂ ಸುಳ್ಳುಗಳಿವೆ,
ಯಾವುದಕ್ಕೂ ಸಹಿ ಇರಲಿಲ್ಲ.

ನಾಲ್ಕಕ್ಕೆ ಚಹದ ಹೊತ್ತು. ಹಾಲಿಗೆ ಹೋದೆ.
ಉದ್ದುದ್ದ ಮೇಜು, ನಲವತ್ತೆರಡು ಜನ,
ಹಿರೇಮಗಳೂರಿನವರು, ಉಪ್ಪಳ್ಳಿಯವರು.
ಕರೀಬೀಜ, ಒಡಕು, ಹುಳ ತಿಂದದ್ದು,
ಒಂಟಿಕಾಳು, ಕೈಗೆ ಮಾತ್ರ ತಿಳಿಯುವ ಇನ್ನೂ ಏನೇನೋ.
ಮೂಲೆಯಲ್ಲಿ ಹೊಸ ಯಂತ್ರ,
ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿಲ್ಲ.
ಅದಕ್ಕೆ ಎಂಟು ಕಣ್ಣಂತೆ.

ಏನಂತೆ ಸಾರ್ ಕಾಗದದಲ್ಲಿ? ಅಂದಳು ಹೊನ್ನಾಜಮ್ಮ,
ಇಪ್ಪತ್ತಾರು ವರ್ಷದವಳು, ವಯಸ್ಸಿನಲ್ಲಲ್ಲ,
ಈ ಮೇಜಿನಲ್ಲಿ.
ಒಂದೇ ಸಲಕ್ಕಲ್ಲಮ್ಮ, ಅಂದೆ.
ಸ್ವಲ್ಪ ಸ್ವಲ್ಪ, ಹಂಗೇ ನಿಧಾನಕ್ಕೆ...

ಹಸು ಬತ್ತಿಸ್ದಂಗೆ ಅನ್ನಿ.
ಎರಡು ಹೊತ್ತು ಕರೆಯೋದು ಒಂದು ಹೊತ್ತಾಯ್ತದೆ,
ಆಮೇಲೆ ದಿನ ಬಿಟ್ಟು ದಿನ,
ಹಿಂಡಿ ಕಮ್ಮಿ, ಬೂಸಾ ಕಮ್ಮಿ,
ಕೆಚ್ಚಲು ತಾನೇ ಒಣಗ್ತದೆ.

ಅದೇ, ಅದೇ! ಅಂದೆ.
ಇಡೀ ಮಧ್ಯಾಹ್ನ ಹುಡುಕಿದ ಪದ ಸಿಕ್ಕ ಖುಷಿಗೆ
ನಾಚಿಕೆಯೂ ಮರೆತಿತ್ತು.

ಬೀಜದಿಂದ ಕಣ್ಣೆತ್ತದೆ ಅಂದಳು:
ಹಸೂನ ಬತ್ತಿಸೋದು
ಹೊಟ್ಟೇಲಿರೋ ಕರ ನೋಡ್ಕೊಂಡು.
ನಮ್ಮ ಹೊಟ್ಟೇಲಿ ಏನೈತೆ ಸಾರ್?

ಜೈತುನ್‌ಬಿ ನಕ್ಕಳು. ಸಿಸಿಲಿಯಾ ನಗಲಿಲ್ಲ.
ಚಹದ ಲೋಟ ಹಿಡಿದು ನಾನು
ಹೊಸ ಯಂತ್ರದ ಪ್ಲಾಸ್ಟಿಕ್ಕನ್ನು ನೋಡುತ್ತ ನಿಂತೆ,
ಅದರ ಮೇಲೆ ಯಾರೋ ಬೆರಳಲ್ಲಿ
ದೂಳಿಗೆ ಮೀಸೆ ಬರೆದಿದ್ದರು.

ಸಂಜೆ ಟೈಪು ಮಾಡಿದೆ. ಹಸುವನ್ನು ಬರೆಯಲಾಗಲಿಲ್ಲ,
ಆಫೀಸಿಗೆ ಕೊಟ್ಟಿಗೆಯ ಭಾಷೆ ಒಗ್ಗದು.
ಕೈಯಿಂದ ಆರಿಸುವ ಕೆಲಸವನ್ನು
ಹಂತ ಹಂತವಾಗಿ ಕೈಬಿಡಲಾಗುವುದು.
ಬರೆದಾದ ಮೇಲೆ ಕಂಡಿತು
ಎರಡು ಕಡೆಯೂ ಒಂದೇ ಕೈ.
ತಿದ್ದಲಿಲ್ಲ. ಅಂಟು ಹಚ್ಚಿ
ಹಾಜರಿ ಪುಸ್ತಕದ ಪಕ್ಕ ಒತ್ತಿದೆ.

ಬೆಳಿಗ್ಗೆ ನೋಡಿದರೆ ಹಂತವೂ ಇಲ್ಲ, ಹಂತವಾಗಿಯೂ ಇಲ್ಲ.
ಹರಿದದ್ದಲ್ಲ, ಕೆರೆದದ್ದಲ್ಲ,
ಅಕ್ಕಪಕ್ಕದ ಒಂದಕ್ಷರಕ್ಕೂ ಗಾಯವಿಲ್ಲ.
ಒಳ್ಳೆ ಬೀಜದ ನಡುವಿಂದ
ಒಂದು ಕರೀಬೀಜ ಎತ್ತುವ ಉಗುರು
ಎಷ್ಟು ಬೇಕೋ ಅಷ್ಟೇ ಎತ್ತಿತ್ತು.
ತೆರವಾದ ಜಾಗದಲ್ಲಿ ಗೋಡೆಯ ಸುಣ್ಣ.

ಮೇಜಿನ ಸುತ್ತ ನಲವತ್ತೆರಡು ತಲೆ, ಎಲ್ಲ ಬಗ್ಗಿದ್ದವು.
ಬುಟ್ಟಿಗೆ ಬೀಜ ಬೀಳುವ ಸದ್ದು ಬಿಟ್ಟರೆ ಸದ್ದಿಲ್ಲ.

ಯಾರ ಕೆಲಸ ಇದು? ಅಂದರು ಮ್ಯಾನೇಜರು.
ನನ್ನದೇ ಸಾರ್, ಅಂದೆ.
ರಾತ್ರಿ ಇನ್ನೊಂದು ಸಲ ಓದಿದೆ. ತಪ್ಪಿತ್ತು.