ಹೆಸರಿಡುವ ದಿನದ ಕಡಂಬಿಟ್ಟು

ಸಮಾಜದ ಹಾಲ್‌ಗೆ ಬಾಡಿಗೆ ಎಷ್ಟೆಂದು ಕೇಳಿ ಬಂದ ತಮ್ಮ
ಗೇಟಿನ ಹತ್ತಿರವೇ ನಿಂತು ನಕ್ಕುಬಿಟ್ಟ.
ಆ ಮಾತು ಅಲ್ಲಿಗೆ ಮುಗಿಯಿತು.
ಅವನ ಮಗಳಿಗೆ ಹೆಸರಿಡುವುದು ಇಲ್ಲೇ,
ಪೊನ್ನಂಪೇಟೆಯ ಈ ಬಾಡಿಗೆ ಮನೆಯಲ್ಲೇ.
ನಡುಮನೆ ಅಂದರೆ ಒಂದು ಸೋಫಾ, ಒಂದು ಟೀವಿ,
ತೂಗುದೀಪಕ್ಕೆಂದು ಓನರನ್ನು ಕೇಳಿ ಹೊಡೆದ ಒಂದು ಕೊಕ್ಕೆ.

ಸೊಸೈಟಿಯಲ್ಲಿ ರಸೀದಿ ಬರೆಯುವವಳು ನಾನು.
ಗೊಬ್ಬರದ ಬಿಲ್ಲಿನ ಬೆನ್ನಿಗೆ ಬರೆದೆ: ಒಂಬತ್ತು ಸಾವಿರ.
ಕೆಳಗೆ ಗೆರೆ. ಗೆರೆಯ ಕೆಳಗೆ, ಜನ ನಲವತ್ತು.
ಅವ್ವ ಬೆರಳು ಮಡಿಸತೊಡಗಿದಳು:
ತವರಿನವರು, ಅಪ್ಪನ ಕಡೆಯವರು,
ಕರೆಯದಿದ್ದರೆ ಮುನಿಸಿಕೊಳ್ಳುವವರು,
ಕರೆದರೂ ಮುನಿಸಿಕೊಂಡೇ ಬರುವವರು.
ತನ್ನ ಬೆರಳು ಸಾಲದೆ ನನ್ನ ಕೈ ಎಳೆದುಕೊಂಡಳು.
ಎಪ್ಪತ್ತೊಂದಕ್ಕೆ ನಿಂತಿತು.
ತಲೆಗೆ ನೂರ ಇಪ್ಪತ್ತಾರು ರೂಪಾಯಿ, ಚಿಲ್ಲರೆ.

ಚಪ್ಪರಕ್ಕೆ ಕಾಫಿ ಒಣಗಿಸುವ ಟಾರ್ಪಾಲು ಸಿಕ್ಕಿತು,
ಕೆಳಗೆ ಕೂತವರ ತಲೆಗೆಲ್ಲ ಹೋದ ವರ್ಷದ ಬೀಜದ ವಾಸನೆ.
ಬೆಳಕಿನ ಸರ ಫಿಲೋಮಿನಾಳದು; ಕ್ರಿಸ್ಮಸ್ಸಿನದು,
ನಕ್ಷತ್ರ ಬಿಚ್ಚಿ ಕೊಟ್ಟಿದ್ದಳು, ನಾವೇ ಮತ್ತೆ ಕಟ್ಟಿಸಿದೆವು.
ಐಸುಮ್ಮ ಬಿರಿಯಾನಿ ಚೆಂಬು ತಂದು ಅಂಗಳದಲ್ಲಿಟ್ಟು
ಏನೂ ಹೇಳದೆ ನಿಂತಳು.
"ಪಾಯಸಕ್ಕೆ ಮಾತ್ರ" ಅಂದಳು ಅವ್ವ, ಮೊದಲೇ.
ಐಸುಮ್ಮ ಆಮೇಲೆ ಕೂತು ಕಾಫಿ ಕುಡಿದಳು.

ಹಂದಿಮಾಂಸ ಗೋಣಿಕೊಪ್ಪದಿಂದ, ಮೂಳೆ ಜಾಸ್ತಿ ಇರಲಿ ಎಂದೇ ಹೇಳಿ ತಂದದ್ದು.
ಕಾಚಂಪುಳಿ ಮನೆಯದೇ, ರಮ್ಮಿನ ಬಾಟಲಿಯಲ್ಲಿ,
ಒಂದಿಷ್ಟೇ ಉಳಿದದ್ದು, ಕಪ್ಪಗೆ, ಬಗ್ಗಿಸಿದರೂ ಬಾರದೆ.
ಹೆಸರಿಗೆ ಮಾತ್ರ ಖರ್ಚಿರಲಿಲ್ಲ:
ದೇಚಮ್ಮ, ಮುತ್ತಜ್ಜಿಯದು,
ಒಬ್ಬರು ಬಳಸಿದ್ದು, ಇನ್ನೂ ಗಟ್ಟಿಮುಟ್ಟು.

ಬೆಳಗಿನ ನಾಲ್ಕಕ್ಕೆ ಲೆಕ್ಕ ತಪ್ಪಿತು.
ತಲೆಗೆ ಮೂರರಂತೆ ಇನ್ನೂರ ಹದಿಮೂರು ಕಡಂಬಿಟ್ಟು ಬೇಕು,
ಪಾತ್ರೆಯಲ್ಲಿ ಬೆಂದ ತರಿ ನೂರೈವತ್ತಕ್ಕೂ ಕಷ್ಟ.
ಅವ್ವ ನನ್ನ ಮುಖ ನೋಡಲಿಲ್ಲ,
ಅಂಗೈ ಒಂದಿಷ್ಟು ಮಡಿಚಿಕೊಂಡಳು, ಅಷ್ಟೆ.
ನಿಂಬೆಹಣ್ಣಿನಷ್ಟು ಇದ್ದದ್ದು ನೆಲ್ಲಿಕಾಯಿಯಷ್ಟಾಯಿತು.
ನಾನೂ ಹಾಗೇ ಉಂಡೆ ಕಟ್ಟಿದೆ, ಮಾತಾಡದೆ,
ಕಳ್ಳ ನೋಟು ಅಚ್ಚು ಹಾಕುವವರ ಹಾಗೆ.

ದೀಪ ಹಚ್ಚಿದರು. ಮಗುವಿನ ಮೊಣಕಾಲಿಗೆ, ಹೆಗಲಿಗೆ, ತಲೆಗೆ ಅಕ್ಕಿ.
ಮಗು ಸೀನಿತು. ಎಲ್ಲರೂ ಒಳ್ಳೆಯದೆಂದರು.
ಆಮೇಲೆ ಎಲೆ ಹಾಕಿದೆವು.

ಅಪ್ಪನ ಅಕ್ಕ, ಚೋಂದವ್ವ ಮಾವಿ,
ಮೂವತ್ತು ವರ್ಷ ತೋಟದಲ್ಲಿ ತಕ್ಕಡಿ ಹಿಡಿದ ಕೈ.
ಒಂದು ಕಡಂಬಿಟ್ಟು ಎತ್ತಿದಳು, ತೂಗಿದಳು, ಇಟ್ಟಳು.
ಇನ್ನೊಂದು ಎತ್ತಿದಳು.
ಬಡಿಸುತ್ತಿದ್ದ ನನ್ನ ಸೌಟು ಅಲ್ಲೇ ನಿಂತಿತು.

"ನೋಡಿದ್ರಾ," ಅಂದಳು, ಪಂಕ್ತಿಯ ಕೊನೆಗೂ ಕೇಳುವ ಹಾಗೆ,
"ಹಿಂದೆಲ್ಲ ಹೀಗೇ. ಹೆಸರಿಡುವ ದಿನ ಸಣ್ಣದೇ ಕಟ್ಟಬೇಕು,
ಮಗು ಸಣ್ಣದಲ್ವಾ.
ಈಗ ಯಾರಿಗೆ ಗೊತ್ತು ಇದೆಲ್ಲ. ಇವರ ಮನೆಯಲ್ಲಿ ಮರೆತಿಲ್ಲ."

ಯಾರೋ ತಲೆಯಾಡಿಸಿದರು. ಯಾರೋ "ನಮ್ಮ ಅಜ್ಜಿಯೂ" ಎಂದರು.
ಅಡುಗೆಮನೆಯಲ್ಲಿ ಅವ್ವ ಬಾಗಿಲ ಹಿಂದೆ ಸರಿದು
ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಹಬೆಯಿಂದಲೋ ಏನೋ.

ಸಂಜೆ ಕವರುಗಳನ್ನು ಬಿಲ್ಲಿನಲ್ಲಿ ಕೂಡಿಸಲು ಹೋದೆ.
"ಅದು ಬಂದದ್ದಲ್ಲ, ಹಿಂದೆ ಕೊಡಬೇಕಾದದ್ದು" ಎಂದು
ಬೇರೆ ಪುಸ್ತಕ ಕೊಟ್ಟಳು.
ಸೋಫಾದ ಕೆಳಗಿಂದ ಒಂದು ವಾರ ಅಕ್ಕಿಕಾಳು ಗುಡಿಸಿದೆ.

ಮೇ ತಿಂಗಳಲ್ಲಿ ಕುಟ್ಟದಲ್ಲಿ ಉತ್ತಯ್ಯನ ಮಗನಿಗೆ ಹೆಸರಿಟ್ಟರು.
ದೊಡ್ಡ ಹಾಲ್, ಮೈಕು, ಬೆಲೂನಿನ ಕಮಾನು,
ಐಸ್‌ಕ್ರೀಮಿಗೆ ಬೇರೆಯೇ ಕೌಂಟರು.
ತಟ್ಟೆಗೆ ಬಿದ್ದದ್ದು ನೆಲ್ಲಿಕಾಯಿಯಷ್ಟೇ ಕಡಂಬಿಟ್ಟು.
"ಶಾಸ್ತ್ರವಂತೆ ಅಕ್ಕಾ" ಎಂದ ಬಡಿಸುವ ಹುಡುಗ,
"ಹೆಸರಿಡುವಾಗ ಸಣ್ಣದೇ ಆಗಬೇಕಂತೆ."

"ಹೌದಾ" ಅಂದೆ.
"ಇನ್ನೆರಡು ಹಾಕು" ಅಂದೆ.